ಏಳು ನಿಮಿಷದ ಅರ್ಜಿ

ಫೆಬ್ರವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ನೀತಿ ಸಭೆಯ ಹೊರಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತು ಖಾಸಿಂಬಿಯವರ ಹೊಗೆಯನ್ನು ಅಳೆದೆ. ಒಂಬತ್ತು ಮಾರು ಬಂತು. ಮತ್ತೊಮ್ಮೆ ಅಳೆದೆ. ಎರಡು ಸಲ ಅಳೆದು ಒಂದೇ ಉತ್ತರ ಬಂದರೆ ಮಾತ್ರ ಬರೆದುಕೊಳ್ಳುವುದು ನನ್ನ ಪದ್ಧತಿ. ಒಂಬತ್ತೇ. ಅಂದರೆ ಸಭೆಯಲ್ಲಿ ಅವರಿಗೆ ಒಂಬತ್ತು ನಿಮಿಷದ ಮಾತು.

"ಮೆಲ್ಲಗ ಹಿಡೀರಿ ಸಾರ್, ಅದಕ್ಕೆ ಕಚಗುಳಿ ಆಗ್ತೈತಿ," ಎಂದರು ಖಾಸಿಂಬಿ, ಹೊಗೆಯನ್ನು ಸೀರೆಯಂತೆ ಮಡಚಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತ.

ನಾನು ಹತ್ತೊಂಬತ್ತು ವರ್ಷದಿಂದ ಸರ್ಕಾರದ ಅಳತೆಗಾರ. ಭೌತಶಾಸ್ತ್ರದಲ್ಲಿ ಪದವಿ ಮಾಡಿದ್ದೇನೆ, ಆದರೆ ಕೆಲಸ ಸಿಕ್ಕಿದ್ದು ಪದವಿಯಿಂದಲ್ಲ, ತೋಳಿನಿಂದ. ಚಾಚಿದರೆ ಬಲಗೈಯ ನಡುಬೆರಳ ತುದಿಯಿಂದ ಎಡಗೈಯ ನಡುಬೆರಳ ತುದಿಗೆ ನೂರ ಎಪ್ಪತ್ತಮೂರು ಸೆಂಟಿಮೀಟರ್. ಬೇಸಿಗೆಯಲ್ಲೂ ಚಳಿಯಲ್ಲೂ ಅದು ಬದಲಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಮಾರು ಎಂದರೆ ಅಷ್ಟೇ.

ನಮ್ಮೂರಲ್ಲಿ ವ್ಯಾಪಾರದ ಹೊಗೆ ವ್ಯಾಪಾರಿಯನ್ನು ಬಿಟ್ಟು ಹೋಗುವುದಿಲ್ಲ. ಸಂಜೆ ಅದನ್ನು ಸುತ್ತಿ ಅಟ್ಟದ ಮೇಲಿಡುತ್ತಾರೆ. ಮಳೆಗಾಲದಲ್ಲಿ ಬೂಸರು ಹಿಡಿಯದಂತೆ ಹಗ್ಗದ ಮೇಲೆ ಹರವುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆ ಪಡಗದ ಜೊತೆಗೆ ಹೊಗೆಯೂ ಹಂಚಿಕೆಯಾಗುತ್ತದೆ. ಹೆಣ್ಣು ನೋಡಲು ಬಂದವರು ಅವಲಕ್ಕಿಗೆ ಕೈ ಹಾಕುವ ಮೊದಲು ಒಮ್ಮೆ ಅಟ್ಟದ ಕಡೆ ಕತ್ತೆತ್ತಿ ನೋಡುವುದು ಇಲ್ಲಿ ಮರ್ಯಾದೆಗೆಟ್ಟ ನಡತೆಯಲ್ಲ.

ಖಾಸಿಂಬಿಯವರದು ಭಟ್ಟಿ ಓಣಿ. ಮಂಡಕ್ಕಿ ಹುರಿಯುವ ಇಪ್ಪತ್ತೆರಡು ಭಟ್ಟಿಗಳಿರುವ ಓಣಿ ಅದು, ಎಲ್ಲದರ ಒಲೆಗೂ ಹಳೆಯ ಟೈರಿನ ತುಂಡೇ ಉರುವಲು. ಅವರ ಹೊಗೆ ಗಂಡ ದಾದಾಪೀರನ ಅಜ್ಜನ ಕಾಲದಿಂದ ಬಂದದ್ದು. ಬೂದಿ ಬಣ್ಣ, ಮೆತ್ತಗೆ, ತುಸು ಜಂಬ. ದಾದಾಪೀರ ಎದೆ ಹಿಡಿದುಕೊಂಡು ಭಟ್ಟಿಯ ಮುಂದೆಯೇ ಸತ್ತು ಐದು ವರ್ಷವಾಗಿತ್ತು. ಈಗಲೂ ಯಾರಾದರೂ ಅವನ ಹೆಸರು ಹೇಳಿದರೆ ಹೊಗೆ ತುದಿ ಎತ್ತಿ ನೋಡುತ್ತಿತ್ತು.

ಗಂಡ ಸತ್ತ ಮೇಲೆ ಭಟ್ಟಿ ಮಾಲೀಕರ ಸಂಘಕ್ಕೆ ಅವರೇ ಅಧ್ಯಕ್ಷರಾದರು. ಮೊಮ್ಮಗಳಿಗೆ ಕೆಮ್ಮು ಶುರುವಾದ ವರ್ಷ ಅವರು ಮಾಳಿಗೆಯ ಮೇಲೆ ಅರವತ್ತು ಕನ್ನಡಿ ಜೋಡಿಸಿ, ಬಿಸಿಲನ್ನೆಲ್ಲ ಒಂದು ಕಬ್ಬಿಣದ ಬಾಣಲೆಯ ಮರಳಿನ ಮೇಲೆ ಬೀಳಿಸಿದರು. ಕನ್ನಡಿಗಳ ಕೋನ ಸರಿಯಿದೆಯೇ ಎಂದು ನಾನು ಒಂದು ಸಲ ನೋಡಿಕೊಟ್ಟಿದ್ದು ನಿಜ. ಹನ್ನೊಂದು ಗಂಟೆಗೆ ಮರಳು ಇನ್ನೂರ ನಲವತ್ತು ಡಿಗ್ರಿ ಮುಟ್ಟಿತು, ಅಕ್ಕಿ ಪಟಪಟನೆ ಅರಳಿತು. ಉಳಿದ ಇಪ್ಪತ್ತೊಂದು ಭಟ್ಟಿಯವರು ಬಂದು ತಿಂದು ನೋಡಿ, "ಚಲೋ ಐತಿ ಆಪಾ, ನಿಮ್ಮದು ಏನಾಗ್ತದೋ ನೋಡಿ ಆಮ್ಯಾಲ ನಾವೂ ಹಾಕ್ತೀವಿ," ಎಂದು ಹೋದರು. ಅವರು ಹಾಗೆ ಹೇಳಿದ್ದು ಹೇಡಿತನದಿಂದಲ್ಲ. ನಮ್ಮಲ್ಲಿ ಭಟ್ಟಿಯ ಪರವಾನಗಿ ಹೊಸದಾಗುವುದು ಹೊಗೆಯ ಮೇಲೆ. ಮೇ ಮೂವತ್ತೊಂದಕ್ಕೆ ಮೂರು ಮಾರಿಗಿಂತ ಕಡಿಮೆ ಇದ್ದವರ ಬಾಗಿಲಿಗೆ ಮುದ್ರೆ. ಕನ್ನಡಿ ಭಟ್ಟಿ ಹೂಡಿದ ದಿನದಿಂದ ಖಾಸಿಂಬಿಯವರ ಹೊಗೆ ತಿಂಗಳಿಗೆ ಎರಡು ಮಾರಿನಂತೆ ಕರಗುತ್ತಿತ್ತು.

ಅದಕ್ಕೇ ಅವರು ಸಂಘದ ಹೆಸರಿನಲ್ಲಿ ನೀತಿ ಸಭೆಗೆ ಅರ್ಜಿ ಹಾಕಿದ್ದು: ಬಿಸಿಲಿನಲ್ಲಿ ಹುರಿಯುವ ಭಟ್ಟಿಗೆ ಹೊಗೆ ಇಲ್ಲದಿದ್ದರೂ ಪರವಾನಗಿ ಕೊಡಬೇಕು. ಬರೆದು ಓದಿ ನೋಡಿದರೆ ಸರಿಯಾಗಿ ಏಳು ನಿಮಿಷ. ಸಭೆಯ ಹನ್ನೊಂದು ಸದಸ್ಯರಲ್ಲಿ ಏಳು ಜನ ಅವರ ಮಂಡಕ್ಕಿ ತಿಂದೇ ಬೆಳೆದವರು. ಒಂದು ಸಲ ಕಿವಿಗೆ ಬಿದ್ದರೆ ಸಾಕು ಎಂಬುದು ಖಾಸಿಂಬಿಯವರ ನಂಬಿಕೆ.

ವಿರೋಧಕ್ಕೆ ನಿಂತವರು ಟೈರು ಮಂಡಿಯ ಮರುಳಪ್ಪ ಸಾಹುಕಾರರು. ಅವರ ಹೊಗೆ ಮೂರು ಲಾರಿಯಲ್ಲಿ ಬರುತ್ತಿತ್ತು, ಮೇಲೆ ತಾಡಪಾಲು ಬಿಗಿದು. ಅದನ್ನು ಅಳೆಯಲು ನಾನು ಶನಿವಾರ ಬೆಳಿಗ್ಗೆಯೇ ಶುರು ಮಾಡಬೇಕು. ಫೆಬ್ರವರಿಯಲ್ಲಿ ಅದು ನಾನೂರ ಹನ್ನೆರಡು ಮಾರು.

ಸಭೆಯ ಕಾರ್ಯದರ್ಶಿ ನರಹರಿರಾಯರು ಪ್ರತಿ ಬೈಠಕ್ಕಿನ ಮೊದಲು ಎದ್ದು ನಿಂತು, ಮಂತ್ರ ಹೇಳುವವರಂತೆ ಕಣ್ಣು ಮುಚ್ಚಿ ನಿಯಮಗಳನ್ನು ಹೇಳುತ್ತಿದ್ದರು. ಒಂದು ಮಾರಿಗೆ ಒಂದು ನಿಮಿಷ. ಉದ್ದ ಹೊಗೆಯವರು ಮೊದಲು. ಪಡೆದ ನಿಮಿಷವನ್ನೆಲ್ಲ ಮಾತಿನಿಂದ ತುಂಬಬೇಕು, ಬಾಯಿ ಮುಚ್ಚಿದ ಪ್ರತಿ ನಿಮಿಷಕ್ಕೆ ಹತ್ತು ಮಾರು ಕತ್ತರಿಸಿ ಸರ್ಕಾರದ ಗೋದಾಮಿಗೆ. ಆ ವಿಷಯದಲ್ಲಿ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ, ಈ ತಿಂಗಳಾಗಲಿ ಮುಂದಿನ ತಿಂಗಳಾಗಲಿ. ಯಾರ ಮಾತನ್ನೂ ನಡುವೆ ಮುರಿಯುವಂತಿಲ್ಲ, ಆದ್ದರಿಂದ ಪೂರ್ತಿ ಹೊತ್ತು ಉಳಿದಿಲ್ಲದಿದ್ದರೆ ಶುರುವೇ ಮಾಡಿಸುವಂತಿಲ್ಲ. ಮಾತನಾಡಿದವರು ಕೊನೆಯಲ್ಲಿ ಕೇಳಿದ್ದೇ ಅವರ ಬೇಡಿಕೆ, ಮಾತಿಗೆ ಸರದಿ ಸಿಗದವರಿಗೆ ಅರ್ಜಿಯಲ್ಲಿ ಬರೆದದ್ದೇ ಬೇಡಿಕೆ. ಎರಡೂ ಕಡೆಯವರ ಮಾತು ಮುಗಿದ ಮೇಲೆ ಸದಸ್ಯರು ಕೈ ಎತ್ತುವುದು. ಎರಡೂ ಕಡೆಯ ಬೇಡಿಕೆ ಒಂದೇ ಆಗಿದ್ದರೆ ಕೈ ಎತ್ತುವ ಅಗತ್ಯವಿಲ್ಲ, ಅದು ಆ ಕ್ಷಣದಿಂದಲೇ ನೀತಿ. ಈ ಕೊನೆಯದನ್ನು ಹೇಳುವಾಗ ಸದಸ್ಯರು ನಗುತ್ತಿದ್ದರು, ಯಾಕೆಂದರೆ ಅಂಥದ್ದು ಎಂದೂ ಆಗಿರಲಿಲ್ಲ.

ಸಭೆ ನಡೆಯುವುದು ತಿಂಗಳಿಗೊಂದು ದಿನ, ಎರಡನೆಯ ಸೋಮವಾರ, ಹತ್ತರಿಂದ ಐದು. ನಾನೂರ ಇಪ್ಪತ್ತು ನಿಮಿಷ. ಮರುಳಪ್ಪನವರು ಅವತ್ತು ಹತ್ತಕ್ಕೆ ಎದ್ದು ನಿಂತು ಬಿಸಿಲು ಭಟ್ಟಿ ಬೇಡ ಎಂದರು. ಬಿಸಿಲಿಗೆ ಹುರಿದ ಮಂಡಕ್ಕಿ ಗಾಳಿಗೆ ಹಾರುತ್ತದೆ, ಸೂರ್ಯ ಮಳೆಗಾಲದಲ್ಲಿ ರಜೆ ಹಾಕುತ್ತಾನೆ, ಸೂರ್ಯನಿಗೆ ಪರವಾನಗಿ ಕೊಟ್ಟವರು ಯಾರು, ಇತ್ಯಾದಿ. ಇದಕ್ಕೆಲ್ಲ ಹಿಡಿದದ್ದು ನಲವತ್ತು ನಿಮಿಷ. ಉಳಿದ ಆರು ಗಂಟೆ ಹನ್ನೆರಡು ನಿಮಿಷ ಅವರು ಟೈರಿನ ಅಳತೆಗಳನ್ನು ಹೇಳಿದರು, ನೆಂಟರ ಹೆಸರುಗಳನ್ನು ಹೇಳಿದರು, ತಮ್ಮ ಮೊಣಕಾಲಿನ ನೋವಿನ ಚರಿತ್ರೆ ಹೇಳಿದರು. ನಾಲ್ಕು ಗಂಟೆ ಐವತ್ತೆರಡಕ್ಕೆ ಕೂತರು. ಉಳಿದದ್ದು ಎಂಟು ನಿಮಿಷ.

"ಖಾಸಿಂಬಿಯವರದು ಒಂಬತ್ತು," ಎಂದರು ನರಹರಿರಾಯರು. "ಒಂದು ನಿಮಿಷ ಸಾಲದು. ಮುಂದಿನ ತಿಂಗಳು ಬನ್ನಿ."

"ನನಗ ಏಳೇ ಸಾಕ್ರಿ ರಾಯರೇ."

"ತಮಗೆ ಸಾಕಮ್ಮ, ಹೊಗೆಗೆ ಸಾಲದಲ್ಲ."

ಮಾರ್ಚ್ ಹನ್ನೆರಡಕ್ಕೆ ಅವರ ಹೊಗೆ ಏಳು ಮಾರಿಗೆ ಇಳಿದಿತ್ತು. ಫೆಬ್ರವರಿಯ ಎಂಟು ನಿಮಿಷದಲ್ಲಿ ಅದು ಸಲೀಸಾಗಿ ಹಿಡಿಸುತ್ತಿತ್ತು. ಆದರೆ ಸಭೆಯ ದಿನಕ್ಕೆ ಹೊಗೆ ಎಷ್ಟಿರುತ್ತದೆಂಬ ಅಂದಾಜನ್ನು ನಾನು ನಿಯಮದಂತೆ ಹಿಂದಿನ ವಾರವೇ ಸಭೆಯ ಹಲಗೆಯ ಮೇಲೆ ಬರೆಯಬೇಕು. ಮರುಳಪ್ಪನವರು ಹಲಗೆ ನೋಡಿ ಹಿತ್ತಲಲ್ಲಿ ಇನ್ನಷ್ಟು ಟೈರು ಸುಡಿಸಿದರು. ನಾನೂರ ಹದಿನಾಲ್ಕು. ಉಳಿದದ್ದು ಆರು ನಿಮಿಷ. ಏಪ್ರಿಲ್ ಒಂಬತ್ತಕ್ಕೆ ಇವರದು ಐದು, ಅವರದು ನಾನೂರ ಹದಿನಾರು. ಉಳಿದದ್ದು ನಾಲ್ಕು.

ನಾನು ಮನೆಯಲ್ಲಿ ಗ್ರಾಫ್ ಹಾಳೆ ತೆಗೆದು ಎರಡನ್ನೂ ಗುರುತಿಸಿದೆ. ಖಾಸಿಂಬಿಯವರ ಹೊಗೆ ಇಳಿಯುವ ಗೆರೆ, ಸಭೆಯಲ್ಲಿ ಉಳಿಯುವ ಹೊತ್ತಿನ ಗೆರೆ. ಎರಡೂ ಸಮಾನಾಂತರ. ನಡುವೆ ಯಾವಾಗಲೂ ಒಂದು ನಿಮಿಷ. ಕಾಲೇಜಿನಲ್ಲಿ ಸಮಾನಾಂತರ ರೇಖೆಗಳು ಅನಂತದಲ್ಲಿ ಸೇರುತ್ತವೆ ಎಂದು ಕೇಳಿದಾಗ ನನಗೆ ಸಂತೋಷವಾಗಿತ್ತು. ಮೇ ಮೂವತ್ತೊಂದಕ್ಕೆ ಪರವಾನಗಿ ಮುಗಿಯುವವರಿಗೆ ಆ ಸಂತೋಷದಿಂದ ಉಪಯೋಗವಿಲ್ಲ.

ಗ್ರಾಫನ್ನು ತೆಗೆದುಕೊಂಡು ಭಟ್ಟಿ ಓಣಿಗೆ ಹೋದೆ. ಪಕ್ಕದ ಭಟ್ಟಿಯ ಬುಡೇನ್ ಸಾಬರೂ ಅಲ್ಲಿದ್ದರು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಅಳೆಯುವಾಗ ಮೊಳಕೈ ಒಂಚೂರು ಮಡಚಿಬಿಡ್ರಿ, ಯಾರು ನೋಡ್ತಾರ?" ಎಂದರು.

"ಮಡಚಿದರೆ ಮಾರು ಗಿಡ್ಡವಾಗುತ್ತದೆ, ಲೆಕ್ಕ ಹೆಚ್ಚಾಗುತ್ತದೆ. ಇವರಿಗೆ ಬೇಕಾಗಿರುವುದು ಕಡಿಮೆ."

"ಹಂಗಾರ ಇನ್ನಷ್ಟು ಉದ್ದ ಚಾಚ್ರಿ."

"ಇದಕ್ಕಿಂತ ಉದ್ದ ನಮ್ಮಪ್ಪ ಕೊಟ್ಟಿಲ್ಲ ಸಾಬರೇ."

"ಕತ್ತರಿ ತಗೊಂಡು ಒಂದು ಮಾರು ಕತ್ತರಿಸಿ ಒಗೀರಿ ಆಪಾ, ಪೀಡಾ ಹೋಗ್ಲಿ."

ಖಾಸಿಂಬಿಯವರು ಹೊಗೆಯ ತುದಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು, ಅದು ಕೇಳಿಸಿಕೊಂಡೀತು ಎಂಬಂತೆ. "ತಾನಾಗಿ ಹೋಗೋದು ಬ್ಯಾರೆ, ನಾವಾಗಿ ಕತ್ತರಿಸೋದು ಬ್ಯಾರೆ. ನಿಮ್ಮಪ್ಪ ಮುದುಕ ಆಗ್ಯಾನ ಅಂತ ಕಾಲು ಕತ್ತರಿಸ್ತೀಯೇನೋ?"

ನಾನು ನಿಧಾನವಾಗಿ ಇನ್ನೊಂದು ಮಾತು ಹೇಳಿದೆ. ಮೇ ತಿಂಗಳಲ್ಲಿ ಹೊಗೆ ಮೂರು ಮಾರಿಗೆ ಇಳಿದಿರುತ್ತದೆ. ಏನೋ ಪವಾಡವಾಗಿ ಹೊತ್ತು ಉಳಿದರೂ ಅವರಿಗೆ ಸಿಗುವುದು ಮೂರೇ ನಿಮಿಷ. ಅರ್ಜಿಯನ್ನು ಈಗಲೇ ಮೊಟಕು ಮಾಡುವುದು ಒಳ್ಳೆಯದು.

"ಏನು ಬಿಡ್ಲಿ ಹೇಳ್ರಿ," ಎಂದರು ಖಾಸಿಂಬಿ, ಕಾಗದ ನನ್ನ ಮುಂದೆ ಹಿಡಿದು. "ಗಂಡನ್ನ ಬಿಡ್ಲಾ? ಕೆಮ್ಮೋ ಕೂಸನ್ನ ಬಿಡ್ಲಾ? ನೀವು ಬರೆದುಕೊಟ್ಟ ಡಿಗ್ರಿ ಬಿಡ್ಲಾ?"

ಡಿಗ್ರಿಯನ್ನು ಬಿಡಬಹುದು ಎಂದು ಹೇಳಲು ನನಗೇ ಮನಸ್ಸು ಬರಲಿಲ್ಲ. ಅರ್ಜಿ ಏಳು ನಿಮಿಷವೇ ಉಳಿಯಿತು.

ಇಷ್ಟರಲ್ಲಿ ಮರುಳಪ್ಪನವರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಇದನ್ನು ನಾನು ನ್ಯಾಯಕ್ಕಾಗಿ ಹೇಳಬೇಕು. ಮಾರ್ಚಿನಲ್ಲಿ ಅವರು ಪಂಚಾಂಗ ಪೂರ್ತಿ ಓದಿ, ಆಮೇಲೆ ತಾಯಿಯ ಕೈಯ ಅಡುಗೆಗಳನ್ನು ಒಂದೊಂದಾಗಿ ವರ್ಣಿಸಿ, ಶೇಂಗಾ ಹೋಳಿಗೆಗೆ ಬರುವಷ್ಟರಲ್ಲಿ ಕಣ್ಣೀರು ಹಾಕಿದ್ದರು. ಏಪ್ರಿಲ್‌ನಲ್ಲಿ ನಮ್ಮೂರಿನ ಮತದಾರರ ಪಟ್ಟಿ ಓದಿದರು. ಸಂಜೆಗೆ ದನಿ ಬಿದ್ದುಹೋಗಿತ್ತು. ಹೊರಬಾಗಿಲಲ್ಲಿ ಅವರು ಖಾಸಿಂಬಿಯವರ ಪಕ್ಕ ಬಂದು ನಿಂತದ್ದನ್ನು ನೋಡಿದೆ.

"ಖಾಸಿಂಬಕ್ಕ, ಇದು ಎಲ್ಲಿಗೆ ಮುಟ್ತೈತಿ?"

"ನೀವು ಟೈರು ಸುಡೋದು ಬಿಟ್ರ ಇಲ್ಲೇ ಮುಟ್ತೈತಿ ಸಾವ್ಕಾರ್ರೇ."

"ಬಿಟ್ರ ನೀನು ಮಾತಾಡ್ತೀಯಲ್ಲ."

"ಹೌದು ಮತ್ತ."

"ಹಂಗಾರ ಬಿಡಾಕ ಬರಂಗಿಲ್ಲ," ಎಂದು ಅವರು ಗಂಟಲು ಹಿಡಿದುಕೊಂಡು ಲಾರಿ ಹತ್ತಿದರು. ಖಾಸಿಂಬಿಯವರು ಹಿಂದಿನಿಂದ, "ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸ್ರಿ!" ಎಂದು ಕೂಗಿದರು.

ಮೇ ಹದಿನಾಲ್ಕು. ಖಾಸಿಂಬಿಯವರ ಹೊಗೆ ಮೂರು ಮಾರು. ಮರುಳಪ್ಪನವರದು ನಾನೂರ ಹದಿನೆಂಟು. ಉಳಿಯುವುದು ಎರಡು ನಿಮಿಷ. ನನ್ನ ಗ್ರಾಫ್ ತಪ್ಪಾಗಿರಲಿಲ್ಲ, ಸರಿಯಾಗಿದ್ದೂ ಇಷ್ಟು ಬೇಸರ ತಂದ ಗ್ರಾಫನ್ನು ನಾನು ಬೇರೆ ಹಾಕಿಲ್ಲ. ಓಣಿಯ ಇಪ್ಪತ್ತೊಂದು ಭಟ್ಟಿಯವರೂ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು, ಸಾವಿಗೆ ಬಂದವರ ಹಾಗೆ, ಕೈ ಕಟ್ಟಿ. ಖಾಸಿಂಬಿಯವರು ಮುಂದಿನ ಸಾಲಿನಲ್ಲಿ ಹೊಗೆಯನ್ನು ಮಡಿಲಲ್ಲಿ ಸುರುಳಿ ಸುತ್ತಿಟ್ಟುಕೊಂಡು, ಮೇಲೆ ಅರ್ಜಿ ಇಟ್ಟುಕೊಂಡಿದ್ದರು. ಓದುವುದಕ್ಕಲ್ಲ, ಮನೆಯಲ್ಲಿಡಲು ಮನಸ್ಸಾಗಲಿಲ್ಲವಂತೆ.

ಮರುಳಪ್ಪನವರು ಅವತ್ತು ತಂದದ್ದು ವಿದ್ಯುತ್ ಗ್ರಾಹಕರ ಪಟ್ಟಿ. ದಪ್ಪ ಪುಸ್ತಕ. ನಾನೂರ ಹದಿನೆಂಟು ನಿಮಿಷಕ್ಕೆ ಧಾರಾಳವಾಗಿ ಸಾಕು ಎಂದು ಅವರ ಅಳಿಯ ಗಡಿಯಾರ ಹಿಡಿದು ಓದಿ ನೋಡಿದ್ದನಂತೆ. ಅವರು ಗಂಟಲು ಸರಿಮಾಡಿಕೊಂಡು ಮೊದಲ ಹೆಸರು ಓದಿದರು. ನರಹರಿರಾಯರು ಕೈ ಎತ್ತಿದರು.

"ಆಗಿದೆ. ಏಪ್ರಿಲ್ ಒಂಬತ್ತು, ಹನ್ನೊಂದು ಗಂಟೆ ಆರು ನಿಮಿಷ."

"ಅದು ಮತದಾರರ ಪಟ್ಟಿ ರಾಯರೇ. ಇದು ಕರೆಂಟಿಂದು."

"ಪಟ್ಟಿ ಎರಡಿರಬಹುದು ಸಾಹುಕಾರರೇ. ಊರಿನಲ್ಲಿ ಜನ ಒಂದೇ."

ಹೀಗೆ ದಪ್ಪ ಪುಸ್ತಕ ತೆಳ್ಳಗಾಗುತ್ತ ಹೋಯಿತು. ಉಳಿದವರು ಮತವಿಲ್ಲದೆ ಕರೆಂಟು ಮಾತ್ರ ಇದ್ದವರು: ಕೆಲವು ಪರವೂರಿನವರು, ಎರಡು ಹಿಟ್ಟಿನ ಗಿರಣಿ, ಒಂದು ದರ್ಗಾ, ಒಂದು ಮಠ. ಮಧ್ಯಾಹ್ನ ಎರಡಕ್ಕೆ ಪಟ್ಟಿ ಮುಗಿಯಿತು. ಆಮೇಲೆ ಅವರು ಸಭಾಭವನದಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳತೊಡಗಿದರು. ಫ್ಯಾನಿನ ರೆಕ್ಕೆ, ಗೋಡೆಯ ಬಿರುಕು, ಒಬ್ಬೊಬ್ಬ ಸದಸ್ಯರ ಅಂಗಿಯ ಗುಂಡಿ. ನಾಲ್ಕು ಗಂಟೆ ಐವತ್ತಕ್ಕೆ ಅವರ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಇನ್ನೂ ಎಂಟು ನಿಮಿಷ. ಎಂಬತ್ತು ಮಾರು. ನರಹರಿರಾಯರು ಮೇಜಿನ ಖಾನೆಯಿಂದ ಕತ್ತರಿ ತೆಗೆದು ಮುಂದಿಟ್ಟರು.

ಮರುಳಪ್ಪನವರ ಕಣ್ಣು ಸಭೆಯನ್ನೆಲ್ಲ ಸುತ್ತಿ ಖಾಸಿಂಬಿಯವರ ಮಡಿಲಲ್ಲಿ ನಿಂತಿತು.

"ಖಾಸಿಂಬಕ್ಕ, ಏನದು ಕಾಗದ?"

"ಅರ್ಜಿ."

"ಎಷ್ಟು ನಿಮಿಷದ್ದು?"

"ಏಳು."

"ಕೊಡು ಇತ್ತಾಗ."

"ಇದು ನಂದ್ರಿ."

"ನಿಂದೇ, ಯಾರು ಇಲ್ಲ ಅಂದ್ರು? ಓದಿ ಕೊಡ್ತೀನಿ. ನಮ್ಮವ್ವನ ಆಣಿ, ಹರಿಯಂಗಿಲ್ಲ."

ಖಾಸಿಂಬಿಯವರು ತಿರುಗಿ ನನ್ನನ್ನು ನೋಡಿದರು. ಮೂರು ತಿಂಗಳು ಕಂಠಪಾಠ ಮಾಡಿದ ಮಾತು ಅದು. ಕೊಟ್ಟರೆ ಇನ್ನೊಬ್ಬರ ಬಾಯಿಗೆ ಹೋಗುತ್ತದೆ, ಕೊಡದಿದ್ದರೆ ಯಾರ ಬಾಯಿಗೂ ಬರುವುದಿಲ್ಲ. ನಾನು ಅಳತೆಗಾರ, ಸಲಹೆ ಕೊಡುವಂತಿಲ್ಲ. ಗಡಿಯಾರವನ್ನು ಮಾತ್ರ ಅವರ ಕಡೆ ತಿರುಗಿಸಿ ಹಿಡಿದೆ.

"ನಡುವೆ ಒಂದು ಅಕ್ಷರ ಬಿಡಬಾರದು," ಎಂದು ಹೇಳಿ ಅವರು ಕಾಗದ ಕೊಟ್ಟರು.

ಮರುಳಪ್ಪನವರು ಅದನ್ನು ಗ್ರಾಹಕರ ಪಟ್ಟಿಯ ದನಿಯಲ್ಲೇ ಶುರು ಮಾಡಿದರು. "ನಾನು ಇಪ್ಪತ್ತಾರು ವರ್ಷದಿಂದ ಭಟ್ಟಿಯ ಮುಂದೆ ಕೂತಿದ್ದೇನೆ. ನಾನು ಈ ಓಣಿಗೆ ಸೊಸೆಯಾಗಿ ಬಂದಾಗ ನನ್ನ ಕೈ ಬೆಳ್ಳಗಿತ್ತು." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರರು ತಮ್ಮ ಕೈ ನೋಡಿಕೊಂಡರು. "ನನ್ನ ಗಂಡ ದಾದಾಪೀರ ಬೆಳಗಿನ ಎರಡನೇ ಹುರಿಯನ್ನು ಮುಗಿಸಿ, ಎದೆ ಹಿಡಿದುಕೊಂಡು, ಸ್ವಲ್ಪ ನೀರು ಕೊಡು ಎಂದ. ನೀರು ತರುವಷ್ಟರಲ್ಲಿ ಇರಲಿಲ್ಲ." ಆ ಹೆಸರು ಕೇಳಿ ಖಾಸಿಂಬಿಯವರ ಮಡಿಲಿನ ಹೊಗೆ ತುದಿ ಎತ್ತಿತು, ಮಾತನಾಡುತ್ತಿರುವವರ ಕಡೆ ತಿರುಗಿತು. ಸಾಹುಕಾರರು ಅದನ್ನು ನೋಡಿದರು. ಅವರ ಓದು ನಿಧಾನವಾಯಿತು. "ಈಗ ನನ್ನ ಮೊಮ್ಮಗಳು ಕೆಮ್ಮುತ್ತಾಳೆ. ಅವಳು ಕೆಮ್ಮಿದ ಕರವಸ್ತ್ರ ಒಗೆದರೆ ನೀರು ಕಪ್ಪಾಗುತ್ತದೆ." ಈಗ ಯಾರೂ ನಗಲಿಲ್ಲ. ಇನ್ನೂರ ನಲವತ್ತು ಡಿಗ್ರಿ ಬಂತು, ಅರವತ್ತು ಕನ್ನಡಿ ಬಂತು. "ಆದ್ದರಿಂದ ಬಿಸಿಲಿನಲ್ಲಿ ಹುರಿಯುವ ಭಟ್ಟಿಗೆ, ಹೊಗೆ ಇಲ್ಲದಿದ್ದರೂ, ಪರವಾನಗಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ನಾಲ್ಕು ಗಂಟೆ ಐವತ್ತೇಳು.

ಆಗ ಅವರಿಗೆ ತಾವು ಏನು ಕೇಳಿಕೊಂಡೆವು ಎಂಬುದು ಹೊಳೆಯಿತು. ಇನ್ನೊಂದು ನಿಮಿಷ ಇತ್ತು.

"ಬಿಸಿಲು ಭಟ್ಟಿ ಬೇಡ!" ಎಂದರು.

"ಆಗಿದೆ," ಎಂದರು ನರಹರಿರಾಯರು. "ಫೆಬ್ರವರಿ ಹನ್ನೆರಡು, ಹತ್ತು ಗಂಟೆ ಒಂದು ನಿಮಿಷ."

"ಇದಕ್ಕ ನನ್ನ ವಿರೋಧ ಐತಿ."

"ಆಗಿದೆ. ಅದೇ ದಿನ, ಹತ್ತು ಗಂಟೆ ಎರಡು ನಿಮಿಷ."

"ಸೂರ್ಯ ಮಳೆಗಾಲದಾಗ..."

"ರಜೆ ಹಾಕುತ್ತಾನೆ. ಹತ್ತು ಗಂಟೆ ಹದಿನೇಳು ನಿಮಿಷ."

ವಿರೋಧವನ್ನೆಲ್ಲ ಮರುಳಪ್ಪನವರು ಮೂರು ತಿಂಗಳ ಹಿಂದೆ ನಲವತ್ತು ನಿಮಿಷದಲ್ಲೇ ಮುಗಿಸಿಬಿಟ್ಟಿದ್ದರು. ನರಹರಿರಾಯರ ಕೈ ಕತ್ತರಿಯ ಕಡೆ ಹೋಯಿತು. ಸಾಹುಕಾರರು ಅದನ್ನು ನೋಡಿ, ನಾಲ್ಕು ಬೈಠಕ್ಕಿನಲ್ಲೂ ಯಾರೂ ಹೇಳದ ಒಂದೇ ಒಂದು ಮಾತನ್ನು ಹುಡುಕಿ ಹೇಳಿದರು.

"ಇವರ ಮಂಡಕ್ಕಿ ಚಲೋ ಇರ್ತಾವ."

"ಇದು ಹೊಸದು," ಎಂದು ನರಹರಿರಾಯರು ಬರೆದುಕೊಂಡರು. ಐವತ್ತೆಂಟಾಯಿತು. ಅವರು ಎದ್ದು ನಿಂತು ಕಣ್ಣು ಮುಚ್ಚಿದರು. ಅರ್ಜಿದಾರರ ಬೇಡಿಕೆಯೂ ವಿರೋಧಿಗಳ ಬೇಡಿಕೆಯೂ ಒಂದೇ ಆಗಿರುವುದರಿಂದ ಕೈ ಎತ್ತುವ ಅಗತ್ಯವಿಲ್ಲ ಎಂದರು. ಈ ಸಲ ಸದಸ್ಯರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚಪ್ಪಾಳೆ ಹೊಡೆದವರು ಬುಡೇನ್ ಸಾಬರು.

ಆ ನೀತಿಗೆ ಮರುಳಪ್ಪನವರ ಕಲಮು ಎಂದೇ ಹೆಸರು ಬಂದಿದೆ. ಪಕ್ಕದ ರಾಜ್ಯದವರು ಬಂದು ಅವರಿಗೆ ಶಾಲು ಹೊದಿಸಿ ಹೋದರು. ದಾಖಲೆಯಲ್ಲಿ ಸಾಹುಕಾರರು ಈಗ ದಾದಾಪೀರನ ವಿಧವೆ. ತಿದ್ದಿಸಲು ಎರಡು ಸಲ ಹೋಗಿದ್ದರು. ಸಭೆಯಲ್ಲಿ ಉಚ್ಚರಿಸಿದ್ದನ್ನು ತಿದ್ದುವ ನಿಯಮ ಇಲ್ಲ ಎಂದು ನರಹರಿರಾಯರು ವಾಪಸು ಕಳಿಸಿದರು. ಈಗ ದಾದಾಪೀರನ ವರ್ಷದ ದಿನಕ್ಕೆ ಖಾಸಿಂಬಿಯವರು ಅವರಿಗೂ ಹೇಳಿ ಕಳಿಸುತ್ತಾರೆ. ಅವರೂ ಬಂದು, ತಲೆಗೆ ವಸ್ತ್ರ ಹಾಕಿಕೊಂಡು, ಕೂತು ಹೋಗುತ್ತಾರೆ.

ಪರವಾನಗಿ ಹೊಸದಾಗಿ ಬಂತು. ಓಣಿಯಲ್ಲಿ ಇನ್ನೂ ಒಂಬತ್ತು ಮಾಳಿಗೆಗಳ ಮೇಲೆ ಕನ್ನಡಿ ಏರಿತು. ಮೋಡದ ದಿನ ಭಟ್ಟಿಗೆ ರಜೆ. ಸಾಹುಕಾರರು ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ.

ಹೊಗೆ ಬೇಡವಾದ ಭಟ್ಟಿಯ ಹೊಗೆಯನ್ನೂ ಒಮ್ಮೆ ಕೊನೆಯದಾಗಿ ಅಳೆದು ಕಡತ ಮುಚ್ಚಬೇಕು. ಜೂನ್ ಇಪ್ಪತ್ತೇಳರ ಮಧ್ಯಾಹ್ನ ನಾನು ಹೋದಾಗ ಸಣ್ಣ ಮಳೆ ಹನಿಯುತ್ತಿತ್ತು. ಖಾಸಿಂಬಿಯವರು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದರು. ನಾನಿದ್ದಷ್ಟು ಹೊತ್ತಿನಲ್ಲಿ ಮಗು ಒಂದು ಸಲ ಮಾತ್ರ ಕೆಮ್ಮಿತು.

"ಸೊನ್ನೆ ಅಂತ ಬರ್ಕೊಂಡು ಹೋಗಿಬಿಡ್ರಿ ಸಾರ್," ಎಂದರು.

"ಅಳೆಯದೆ ಬರೆಯುವುದಿಲ್ಲ."

ಅವರು ಎದ್ದು ಒಳಕೋಣೆಯ ಬಾಗಿಲು ತೆರೆದರು. ಗೂಟಕ್ಕೆ ದಾದಾಪೀರನ ಹಳೆಯ ಅಂಗಿ ಇನ್ನೂ ತೂಗುತ್ತಿತ್ತು. ಅದರ ಜೇಬಿನಲ್ಲಿ, ಬೀಡಿ ಕಟ್ಟು ಇಡುವ ಜಾಗದಲ್ಲಿ, ಅದು ಮುದುಡಿಕೊಂಡು ಕೂತಿತ್ತು. ಅಳೆಯಲು ತೋಳು ಚಾಚುವ ಅಗತ್ಯವಿರಲಿಲ್ಲ. ಖಾಸಿಂಬಿಯವರು ಬಾಗಿಲಿಗೆ ಒರಗಿ, ನನಗೆ ಕೇಳಿಸಬಾರದೆಂಬಷ್ಟು ಮೆಲ್ಲಗೆ ಗಂಡನ ಹೆಸರು ಹೇಳಿದರು. ಹೊಗೆ ತುದಿ ಎತ್ತಿತು. ಆಗಲೇ ಬೆರಳಿಟ್ಟು ಅಳೆದೆ. ಎರಡನೆಯ ಸಲವೂ ಅಳೆದೆ. ಉತ್ತರ ಒಂದೇ ಬಂತು.

ನಾಲ್ಕು ಬೆರಳು.